ಬಳೇಪೇಟೆ ಯಾರ ಲೆಕ್ಕಕ್ಕೆ?

ಜೋರು ಮಳೆ ಬಂದು ಬಳೇಪೇಟೆಯ ಹಾರ್ಮೋನಿಯಂ, ವೀಣೆ ಅಂಗಡಿಗಳ ಮುಂದೆ ಕೊಳಕು ನೀರು ನಿಂತಿತು ಅನ್ನಿ. ದೂರು ಯಾರಿಗೆ ಕೊಡಬೇಕು? ಮ್ಯಾನ್‌ಹೋಲ್ ಉಕ್ಕಿದ್ದರೆ ಜಲಮಂಡಳಿಗೆ. ಮೋರಿ ಕಟ್ಟಿಕೊಂಡಿದ್ದರೆ ಪಾಲಿಕೆಗೆ. ಎರಡೂ ಬೆರೆತಿದ್ದರೆ, ಅದು ಯಾರದೆಂದು ತೀರ್ಮಾನವಾಗುವ ಹೊತ್ತಿಗೆ ಅಂಗಡಿಯವರೇ ಪೊರಕೆ ಹಿಡಿದಿರುತ್ತಾರೆ.

ಯಾರ ಲೆಕ್ಕ ಎಂಬ ಪ್ರಶ್ನೆ ಹೊಸದಲ್ಲ. ಬಳೇಪೇಟೆ ಸೇರಿದ ಬೆಂಗಳೂರಿನ ಹಳೆಯ ಪೇಟೆಗೆ ಮುನಿಸಿಪಾಲಿಟಿ ಬಂದದ್ದು 1862ರಲ್ಲಿ. ಅದೇ ದಶಕದಲ್ಲಿ ದಂಡಿಗೂ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿಗೂ, ಒಂದು ಬಂತು, ಆದರೆ ಬೇರೆಯದು. 1881ರಲ್ಲಿ ರಾಜ್ಯ ಮೈಸೂರು ಅರಸರಿಗೆ ಮರಳಿತು. ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. ಕಬ್ಬನ್ ಪಾರ್ಕಿನ ಈಚೆ ಒಂದು ಆಡಳಿತ, ಆಚೆ ಇನ್ನೊಂದು. 1898ರ ಪ್ಲೇಗು ಇಕ್ಕಟ್ಟಾದ ಪೇಟೆಯನ್ನು ಬಡಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆಗಳೊಂದಿಗೆ ಎದ್ದವು. ಚಾಮರಾಜಪೇಟೆ ಅದಕ್ಕೂ ಸ್ವಲ್ಪ ಮುಂಚಿನದು. ಪೇಟೆ, ದಂಡು ಎರಡೂ ಒಂದೇ ಕಾರ್ಪೊರೇಷನ್ ಆಗಲು 1949 ಬರಬೇಕಾಯಿತು.

ನೆಲದ ಲೆಕ್ಕವೇ ಬೇರೆ, ನೀರು ಆಡಳಿತದ ಗಡಿ ನೋಡಿ ಹರಿಯುವುದಿಲ್ಲ. ಬೆಂಗಳೂರು ಕೂತಿರುವುದು ದಿಬ್ಬದ ಮೇಲೆ. ಪಡುವಣಕ್ಕೆ ಇಳಿದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ. ಮೂಡಣಕ್ಕೆ ಇಳಿದದ್ದು ದಕ್ಷಿಣ ಪಿನಾಕಿನಿಗೆ. ಪೇಟೆಗೆ ನೀರುಣಿಸಿದ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ.

ಆಡಳಿತದ ಲೆಕ್ಕಕ್ಕೆ ಮರಳಿದರೆ, 2007ರಲ್ಲಿ ಸುತ್ತಲಿನ ನಗರಸಭೆಗಳೂ 110 ಹಳ್ಳಿಗಳೂ ಸೇರಿ ಬೃಹತ್ ಪಾಲಿಕೆಯಾಯಿತು. ಅಷ್ಟು ದೊಡ್ಡದನ್ನು ಒಂದೇ ಕಚೇರಿಯಿಂದ ಆಳುವುದು ಕಷ್ಟವೆಂದು 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದರು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಬಳೇಪೇಟೆ, ಚಾಮರಾಜಪೇಟೆ ಕೇಂದ್ರ ಪಾಲಿಕೆಗೆ ಬಂದವು. ಬಸವನಗುಡಿ, ಮಲ್ಲೇಶ್ವರ ಪಶ್ಚಿಮಕ್ಕೆ. ಹಿಂದೆ ದಂಡಿಗೆ ಸೇರಿದ್ದ ಶಿವಾಜಿನಗರವೂ ಕೇಂದ್ರದಲ್ಲೇ ಇದೆ, ಅಂದರೆ ಹಳೆಯ ಪೇಟೆಯೂ ಹಳೆಯ ದಂಡಿನ ಈ ಭಾಗವೂ ಈಗಲೂ ಒಂದೇ ಮನೆಯವು.

ಲಂಡನ್ನಿನಲ್ಲಿ ಇಂಥ ಏರ್ಪಾಡು 1965ರಿಂದ ಇದೆ: ಬರೋ ಎಂಬ 32 ಸ್ಥಳೀಯ ಆಡಳಿತಗಳು. ಹ್ಯಾಂಪ್‌ಸ್ಟೆಡ್, ಹೋಬರ್ನ್, ಸೇಂಟ್ ಪ್ಯಾಂಕ್ರಸ್ ಸೇರಿ ಕ್ಯಾಮ್ಡನ್ ಆದದ್ದು ಹಾಗೆ. ಅಲ್ಲೂ ನೀರು ಸರಬರಾಜು ಬರೋಗಳದಲ್ಲ, ಬೇರೆ ಕಂಪನಿಯದು. ಆದರೆ ಕಸ, ಗ್ರಂಥಾಲಯ, ವೃದ್ಧರ ಆರೈಕೆ, ಶಾಲೆಗಳ ಬಹುಪಾಲು ಹೊಣೆ ಬರೋಗಳದೇ. 1986ರಲ್ಲಿ ಅವುಗಳ ಮೇಲಿದ್ದ ಗ್ರೇಟರ್ ಲಂಡನ್ ಕೌನ್ಸಿಲನ್ನು ರದ್ದು ಮಾಡಿದಾಗಲೂ ಬರೋಗಳು ಉಳಿದವು, ಅವುಗಳ ಚುನಾವಣೆಯೂ ನಡೆಯಿತು.

ನನಗೆ ಮುಖ್ಯವೆನಿಸುವುದು ಈ ಚುನಾವಣೆಯೇ. ನಮ್ಮಲ್ಲಿ ಹಿಂದಿನ ಕೌನ್ಸಿಲರುಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಐದು ಪಾಲಿಕೆಗಳು ಹುಟ್ಟಿದ ದಿನ ಒಂದರಲ್ಲೂ ಚುನಾಯಿತ ಸದಸ್ಯರಿರಲಿಲ್ಲ, ಅಧಿಕಾರಿಗಳೇ ಎಲ್ಲ. ಲಂಡನ್ನಿನ ಮೇಲಂತಸ್ತಿನಲ್ಲಿ 2000ದಿಂದ ಜನ ಆರಿಸಿದ ಮೇಯರ್ ಕೂರುತ್ತಾರೆ. ನಮ್ಮ ಪ್ರಾಧಿಕಾರದ ಅಧ್ಯಕ್ಷಪೀಠ ಮುಖ್ಯಮಂತ್ರಿಗಳದು. ರಾಜ್ಯವನ್ನೆಲ್ಲ ನೋಡಿಕೊಳ್ಳಬೇಕಾದವರು ಬಳೇಪೇಟೆಯ ಮೋರಿಗೆ ಬಿಡುವು ಮಾಡಿಕೊಳ್ಳುವುದು ಕಷ್ಟ. ಅದಕ್ಕೆ ಬೇಕಾದವರು ವಾರ್ಡಿನ ಸದಸ್ಯರು.