ಗಂಗೊಳ್ಳಿಯ ಸುದ್ದಿಗೆ ಜಿನೀವಾದ ಡೇಟ್‌ಲೈನ್



ನಾನು ಊರೂರು ಸುತ್ತಿದ ವರದಿಗಾರನಲ್ಲ, ಡೆಸ್ಕಿನವನು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ವರದಿಗಾರರಾದ ನೀವು ಬಿಸಿಲಲ್ಲಿ ಹೆಕ್ಕಿ ತಂದದ್ದನ್ನು ಫ್ಯಾನಿನ ಕೆಳಗೆ ಕೂತು ಕತ್ತರಿಸುವುದೇ ನನ್ನ ಕಸುಬಾಗಿತ್ತು. ಆದ್ದರಿಂದ ಇವತ್ತು ಹೇಳುವ ತಪ್ಪುಗಳಲ್ಲಿ ಮೊದಲನೆಯದು ನನ್ನದೇ.

2022ರ ಜೂನ್ 17. ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ. ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿದ್ದವು. ಬೆಳಿಗ್ಗೆ ಏಜೆನ್ಸಿಯ ಸುದ್ದಿ ಬಂತು: ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಸಮ್ಮೇಳನ ಮುಗಿದಿದೆ, ಮೀನುಗಾರಿಕೆ ಸಬ್ಸಿಡಿ ಕುರಿತು ಒಪ್ಪಂದವಾಗಿದೆ. ಸಂಜೆ ನಮ್ಮ ಬಿಡಿ ವರದಿಗಾರನದು ಇನ್ನೊಂದು: ನಾಡದೋಣಿಯವರಿಗೆ ರಿಯಾಯಿತಿ ಸೀಮೆಎಣ್ಣೆ ಸಾಲುತ್ತಿಲ್ಲ. ಮೊದಲನೆಯದನ್ನು ವಾಣಿಜ್ಯ ಪುಟಕ್ಕೆ ತಳ್ಳಿದೆ, ಎರಡನೆಯದನ್ನು ಕರಾವಳಿ ಪುಟದ ತಳಕ್ಕೆ. ನಡುವೆ ಎಂಟು ಪುಟಗಳ ಅಂತರ. ಇವು ಒಂದೇ ಮೀನಿನ ತಲೆ, ಬಾಲ ಎಂದು ನನಗೆ ಹೊಳೆಯಲೇ ಇಲ್ಲ.

ಜಿನೀವಾದ ಸುದ್ದಿಗೆ ನಾನು ಕೊಟ್ಟ ತಲೆಬರಹ: ‘ಮೀನುಗಾರಿಕೆ ಸಬ್ಸಿಡಿಗೆ ಕತ್ತರಿ’. ಮರುದಿನ ಓದುಗರೊಬ್ಬರ ಫೋನು. “ಹಂಗಾರೆ ನಮ್ಮ ಚಿಮ್ಣಿಎಣ್ಣಿ ಹೋಯ್ತಾ ಮಾರಾಯ್ರೆ?”

ನನ್ನ ಬಳಿ ಉತ್ತರ ಇರಲಿಲ್ಲ. ತಲೆಬರಹ ಬರೆದವನು ಒಪ್ಪಂದ ಓದಿರಲಿಲ್ಲ.

ಆಮೇಲೆ ಓದಿದೆ. ಅದು ನಿಲ್ಲಿಸಿದ್ದು ಮೂರು ಬಗೆಯ ನೆರವನ್ನು: ಅಕ್ರಮವಾಗಿ, ಲೆಕ್ಕ ಕೊಡದೆ, ನಿಯಮ ಮೀರಿ ಹಿಡಿಯುವವರಿಗೆ ಕೊಡುವುದು; ಬರಿದಾಗುತ್ತಿರುವ ಮೀನಿನ ಸಂತತಿಯನ್ನು ಹಿಡಿಯಲು ಕೊಡುವುದು; ಯಾವ ನಿಯಂತ್ರಣವೂ ಇಲ್ಲದ ದೂರದ ಕಡಲಿನಲ್ಲಿ ಹಿಡಿಯಲು ಕೊಡುವುದು. ಟ್ರಾಲ್ ಬೋಟಿನ ಕರರಹಿತ ಡೀಸೆಲ್, ದೋಣಿ ಮೋಟಾರಿನ ಸೀಮೆಎಣ್ಣೆ ಇವುಗಳ ಮೇಲೆ ನೇರವಾಗಿ ಕೈಯಿಡಬಹುದಾದ ಭಾಗ, ಅಂದರೆ ಮಿತಿಮೀರಿದ ಮೀನುಗಾರಿಕೆಗೆ ದಾರಿ ಮಾಡುವ ಸಬ್ಸಿಡಿಯ ಪ್ರಶ್ನೆ, ಅವತ್ತು ಇತ್ಯರ್ಥವಾಗದೆ ಉಳಿಯಿತು. ಭಾರತ 25 ವರ್ಷಗಳ ಅವಕಾಶ ಕೇಳಿದ್ದು ಆ ಭಾಗಕ್ಕೆ. 2024ರಲ್ಲಿ ಅಬುಧಾಬಿಯಲ್ಲಿ ಮತ್ತೆ ಕೂತರು, ಒಮ್ಮತವಾಗಲಿಲ್ಲ. ಮೊದಲ ಭಾಗ, ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿ ಅಂಗೀಕರಿಸಿದ ಮೇಲೆ, 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಅಂಗೀಕರಿಸಿದವರನ್ನು ಮಾತ್ರ ಅದು ಕಟ್ಟಿಹಾಕುತ್ತದೆ. ಆ ದಿನದ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಅಲ್ಲಿಗೆ ನನ್ನ ‘ಕತ್ತರಿ’ಯೂ ಸುಳ್ಳು, ಬೇರೆ ಕಡೆ ಅಚ್ಚಾಗಬಹುದಾಗಿದ್ದ ‘ಭಾರತಕ್ಕೆ ಜಯ’ವೂ ಸುಳ್ಳು.

ತಪ್ಪು ಎಲ್ಲಿ ಶುರುವಾಗುತ್ತದೆ? ವಾಕ್ಯದ ಕರ್ತೃವಿನಲ್ಲಿ. ‘ವಿಶ್ವಸಂಸ್ಥೆ ಹೇಳಿತು’, ‘ಡಬ್ಲ್ಯುಟಿಒ ನಿರ್ಧರಿಸಿತು’ ಎಂದು ಬರೆಯುತ್ತೇವೆ, ಅದಕ್ಕೊಂದು ಬಾಯಿ, ಒಂದು ತಲೆ ಇದ್ದಂತೆ. ಆ ಬಾಯಿ ಯಾರದು ಎಂದು ತಿಳಿಯಲು ನಾವು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ, ಬ್ರಹ್ಮಾವರದಿಂದ ಕೊಕ್ಕರ್ಣೆ ಕಡೆ ಹೊರಟರೆ ಸಾಕು. ಅಲ್ಲಿನ ಬೆನೆಗಲ್ ಎಂಬ ಊರನ್ನು ಹೆಸರಲ್ಲೇ ಹೊತ್ತ ಮನೆತನದ ಬೆನೆಗಲ್ ನರಸಿಂಗರಾಯರು, ನಮ್ಮ ಸಂವಿಧಾನ ಸಭೆಯ ಸಲಹೆಗಾರರು, 1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದರು. ಆ ತಿಂಗಳೇ ಕೊರಿಯಾ ಹೊತ್ತಿಕೊಂಡಿತು.

ಜೂನ್ 25ರ ನಿರ್ಣಯ, ಉತ್ತರ ಕೊರಿಯಾ ಹಿಂದೆ ಸರಿಯಬೇಕೆಂಬುದು, 9 ಮತಗಳಿಂದ ಪಾಸಾಯಿತು; ಭಾರತವೂ ಕೈ ಎತ್ತಿತು. ಯುಗೋಸ್ಲಾವಿಯ ತಟಸ್ಥ. ಚೀನಾದ ಸ್ಥಾನದ ವಿಚಾರದಲ್ಲಿ ಮುನಿಸಿಕೊಂಡ ಸೋವಿಯತ್ ಒಕ್ಕೂಟ ಸಭೆಗೇ ಬಂದಿರಲಿಲ್ಲ. ಬಂದಿದ್ದರೆ ವೀಟೊ ಬೀಳುತ್ತಿತ್ತು. ಜೂನ್ 27ರಂದು ದಕ್ಷಿಣ ಕೊರಿಯಾಕ್ಕೆ ನೆರವು ಕೊಡುವ ನಿರ್ಣಯ: ಪರ 7, ವಿರುದ್ಧ 1. ಭಾರತ, ಈಜಿಪ್ಟ್ ಮತದಾನದಲ್ಲಿ ಭಾಗವಹಿಸಲಿಲ್ಲ. ಸಭೆ ನಡೆಸುತ್ತಿದ್ದವರೇ ಮತ ಹಾಕಲಿಲ್ಲ, ಏಕೆಂದರೆ ದಿಲ್ಲಿಯಿಂದ ಸೂಚನೆ ಬಂದಿರಲಿಲ್ಲ. ದಿಲ್ಲಿ ಒಪ್ಪಿದ್ದು ಆಮೇಲೆ. ‘ಭದ್ರತಾ ಮಂಡಳಿ ನಿರ್ಧರಿಸಿತು’ ಎಂಬ ಮೂರು ಪದದೊಳಗೆ ಒಂದು ಖಾಲಿ ಕುರ್ಚಿ, ಒಂದು ತಡವಾದ ತಂತಿ ಅಡಗಿ ಕೂತಿವೆ. ಸುದ್ದಿ ಇದ್ದದ್ದು ಅಲ್ಲಿ.

ಅದೇ ಮನೆಯ ತಮ್ಮ ಬಿ. ಶಿವರಾವ್ ಪತ್ರಕರ್ತರು, ‘ದಿ ಹಿಂದೂ’, ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗಳಿಗೆ ಬರೆದವರು. ಮೊದಲ ಲೋಕಸಭೆಯಲ್ಲಿ ನಮ್ಮ ಜಿಲ್ಲೆಯ ಸದಸ್ಯರೂ ಆದರು. ಅಣ್ಣ ಪೀಠದಲ್ಲಿ, ತಮ್ಮ ಪತ್ರಿಕೆಯಲ್ಲಿ. ಜಗತ್ತಿನ ಸಭೆ ನಮಗೆ ದೂರ ಎಂದು ಕೈತೊಳೆದುಕೊಳ್ಳುವ ಹಕ್ಕು ಈ ನೆಲದವರಿಗಂತೂ ಇಲ್ಲ.

ಇನ್ನೊಂದು ತಪ್ಪು ತೀರ್ಪಿನ ವರದಿಯಲ್ಲಿ. ಕೋಡಿಯ ಕಡಲ ತಡಿಯಲ್ಲಿ ಆಲಿವ್ ರಿಡ್ಲಿ ಆಮೆ ಮೊಟ್ಟೆಯಿಡುವುದನ್ನು ನೀವು ನೋಡಿದ್ದೀರಿ, ವರದಿಯನ್ನೂ ಮಾಡಿದ್ದೀರಿ. ಟ್ರಾಲ್ ಬಲೆಯಲ್ಲಿ ಸಿಕ್ಕಿದ ಆಮೆ ಪಾರಾಗುವ ಕಿಂಡಿ ಇರಿಸದ ದೇಶಗಳ ಸಿಗಡಿ ಬೇಡವೆಂದು ಅಮೆರಿಕ ಹೇಳಿದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 1998ರಲ್ಲಿ ಮೇಲ್ಮನವಿ ಪೀಠದ ತೀರ್ಪು ಬಂತು. ಅಮೆರಿಕ ಸೋತಿತು, ಆಮೆಯೂ ಸೋತಿತು ಎಂದು ಬಹಳ ಮಂದಿ ತಿಳಿದರು. ಪೀಠ ಹೇಳಿದ್ದು ಬೇರೆ: ಆಮೆಯನ್ನು ಉಳಿಸುವ ಉದ್ದೇಶ ಸರಿ, ಆದರೆ ದೇಶ ದೇಶಗಳ ನಡುವೆ ತಾರತಮ್ಯ ಮಾಡಿ ಅದನ್ನು ಜಾರಿಗೊಳಿಸಿದ್ದು ತಪ್ಪು. ಗೆದ್ದವರು, ಸೋತವರು ಎಂಬ ಕ್ರಿಕೆಟ್ ಭಾಷೆಯಲ್ಲಿ ಈ ‘ಆದರೆ’ ಹಿಡಿಸುವುದಿಲ್ಲ.

ಯುರೋಪಿನವರೇನು ಹೆಚ್ಚು ಜಾಣರಲ್ಲ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಬೋರಿಸ್ ಜಾನ್ಸನ್ 1989ರಿಂದ 1994ರವರೆಗೆ ಬ್ರಸೆಲ್ಸ್‌ನಲ್ಲಿ ಲಂಡನ್ ಪತ್ರಿಕೆಯೊಂದರ ವರದಿಗಾರರಾಗಿದ್ದು, ಐರೋಪ್ಯ ಒಕ್ಕೂಟದ ನಿಯಮಗಳನ್ನು ಉಬ್ಬಿಸಿ ಗೇಲಿ ಮಾಡುವ ವರದಿಗಳಿಗೇ ಹೆಸರಾದರು. ಓದುಗರು ನಕ್ಕರು, ಆ ನಗೆಯೇ ನಿಧಾನಕ್ಕೆ ಸಿಟ್ಟಾಯಿತು, 2016ರಲ್ಲಿ ಸಿಟ್ಟು ಒಕ್ಕೂಟ ಬಿಡುವ ಮತವಾಯಿತು. ಆ ಒಕ್ಕೂಟದ ನಿಯಮ ನಮಗೂ ತಟ್ಟುತ್ತದೆ. 1997ರಲ್ಲಿ ನೈರ್ಮಲ್ಯದ ಕಾರಣ ಕೊಟ್ಟು ಭಾರತದ ಮೀನು, ಸಿಗಡಿಗೆ ಬಾಗಿಲು ಹಾಕಿದ್ದು ಐರೋಪ್ಯ ಆಯೋಗ. ಆಯೋಗ ಬೇರೆ, ಅಲ್ಲಿನ ಸಂಸತ್ತು ಬೇರೆ, ಸಚಿವರ ಮಂಡಳಿ ಬೇರೆ. ‘ಯುರೋಪ್ ನಿಷೇಧಿಸಿತು’ ಎಂದು ಬರೆದರೆ ಅಹವಾಲು ಹೊತ್ತವನು ಯಾವ ಬಾಗಿಲು ತಟ್ಟಬೇಕು?

ಹಾಗಾದರೆ ಕುಂದಾಪುರದಲ್ಲಿ ಕೂತ ವರದಿಗಾರ ಮಾಡಬಹುದಾದ್ದೇನು? ಜಿನೀವಾಕ್ಕೆ ಯಾವ ಪತ್ರಿಕೆಯೂ ಅವನನ್ನು ಕಳಿಸುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಒಪ್ಪಂದದ ಪಠ್ಯ ಈಗ ಮೊಬೈಲಿನಲ್ಲೇ ಸಿಗುತ್ತದೆ. ಅದನ್ನು ಮುಂದಿಟ್ಟುಕೊಂಡು ನಾಲ್ಕು ಪ್ರಶ್ನೆ ಕೇಳಿ. ಯಾರು ಕೈ ಎತ್ತಿದರು, ಯಾರು ಸುಮ್ಮನಿದ್ದರು? ಇದು ಕಟ್ಟಳೆಯೋ, ಬರೀ ಸಲಹೆಯೋ? ನಮ್ಮ ಸರಕಾರ ಸಹಿ ಹಾಕಿದೆಯೇ, ಹಾಕಿದ್ದರೆ ಯಾವಾಗಿನಿಂದ? ಇಲ್ಲಿ ಅದನ್ನು ಜಾರಿ ಮಾಡುವ ಕಚೇರಿ ಯಾವುದು? ಉತ್ತರ ಸಿಕ್ಕ ಮೇಲೆ ಐದನೆಯ ಕೆಲಸ: ಮರವಂತೆಗೋ ಕೋಡಿಬೇಂಗ್ರೆಗೋ ಹೋಗಿ ದೋಣಿಯವರನ್ನು ಮಾತಾಡಿಸುವುದು. ಅವರ ಅಂಜಿಕೆ ನಿಜವಿದ್ದರೆ ಬರೆಯಿರಿ, ಸುಳ್ಳಾದರೆ ಅದನ್ನೂ ಬರೆಯಿರಿ.

ಡೆಸ್ಕಿನ ಗೆಳೆಯರಿಗೆ ಒಂದೇ ಮಾತು. ಸಬ್ಸಿಡಿಯ ಮಾತುಕತೆ ಮುಗಿದಿಲ್ಲ, ಏಜೆನ್ಸಿಯ ಸುದ್ದಿ ಮತ್ತೆ ಬರುತ್ತದೆ. ಬಂದ ದಿನ ಅದನ್ನು ವಾಣಿಜ್ಯ ಪುಟಕ್ಕೆ ತಳ್ಳುವ ಮೊದಲು ಗಂಗೊಳ್ಳಿಗೆ ಒಂದು ಫೋನು ಮಾಡಿ. ನಾನು ಮಾಡಿರಲಿಲ್ಲ.