ಹುಳುವಿನ ಪಂಚಾಂಗ, ಉಪಗ್ರಹದ ಸರದಿ

ಅರಣ್ಯಶಾಸ್ತ್ರದ ಹೊಸ ಪದವೀಧರರೇ,

ಘಟಿಕೋತ್ಸವಕ್ಕೆ ಬಂದವರು ದೇಶದ ಭವಿಷ್ಯದ ಬಗ್ಗೆ ಮಾತಾಡುವುದು ವಾಡಿಕೆ. ನಾನು ಹುಳುಗಳ ಬಗ್ಗೆ ಮಾತಾಡುತ್ತೇನೆ. ನಿಮ್ಮಲ್ಲಿ ಹಲವರು ನಾಳೆ ಕಾಡಿನ ಆರೋಗ್ಯವನ್ನು ಕಂಪ್ಯೂಟರ್ ಪರದೆಯ ಮೇಲೆ ನೋಡುವವರು. ಉಪಗ್ರಹದ ಚಿತ್ರದಲ್ಲಿ ಹುಳು ಕಾಣುವುದಿಲ್ಲ. ಹುಳು ತಿಂದ ಮರ ಕಾಣುತ್ತದೆ, ಅದೂ ತಡವಾಗಿ. ಎಷ್ಟು ತಡವಾಗಿ ಎಂಬುದು ತಿಳಿಯದಿದ್ದರೆ ನೀವು ಮಾಡುವ ನಕ್ಷೆ ಗೋಡೆಗೆ ತೂಗುಹಾಕಲು ಚೆಂದ, ಅಷ್ಟೇ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವನ್ನು ನೋಡಿ. ಅಲ್ಲಿನ ಲಾಡ್ಜ್‌ಪೋಲ್ ಪೈನ್ ಕಾಡಿಗೆ 1990ರ ದಶಕದ ಕೊನೆಯಿಂದ ಒಂದು ತೊಗಟೆ ದುಂಬಿ ಬಿತ್ತು. ಗಾತ್ರದಲ್ಲಿ ಅಕ್ಕಿಕಾಳಿನಷ್ಟು. ಆ ಪಿಡುಗು ತಟ್ಟಿದ ಕಾಡಿನ ವಿಸ್ತಾರ ಸುಮಾರು 1.8 ಕೋಟಿ ಹೆಕ್ಟೇರ್. ನಮ್ಮ ಇಡೀ ಕರ್ನಾಟಕ ಇರುವುದೇ 1.9 ಕೋಟಿ ಹೆಕ್ಟೇರ್. ಕಾರಣ ಎರಡು. ದುಂಬಿಯ ಮರಿಗಳನ್ನು ಕೊಲ್ಲುತ್ತಿದ್ದ ಮೈನಸ್ 40 ಡಿಗ್ರಿಯ ಚಳಿ ಅಪರೂಪವಾಗಿತ್ತು. ದಶಕಗಳಿಂದ ಬೆಂಕಿಯನ್ನು ಆರಿಸುತ್ತಲೇ ಬಂದದ್ದರಿಂದ ದುಂಬಿಗೆ ಇಷ್ಟವಾದ ಬಲಿತ ಪೈನ್ ಮರಗಳು ಎಲ್ಲೆಡೆ ತುಂಬಿದ್ದವು. ಇಂಗಾಲ ಹೀರಬೇಕಾದ ಕಾಡೇ ಇಂಗಾಲ ಬಿಡುವ ಕಾಡಾಯಿತು ಎಂದು 2008ರಲ್ಲಿ ಅಲ್ಲಿನ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು.

ದುಂಬಿ ಬೇಸಿಗೆಯಲ್ಲಿ ತೊಗಟೆ ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಜೊತೆಗೆ ತಂದ ಶಿಲೀಂಧ್ರ ಮರದ ನೀರಿನ ದಾರಿ ಕಟ್ಟುತ್ತದೆ. ಮರದ ಕಥೆ ಆಗಲೇ ಮುಗಿದಿರುತ್ತದೆ, ಆದರೆ ಸೂಜಿ ಎಲೆಗಳು ಹಸಿರಾಗಿಯೇ ಇರುತ್ತವೆ. ಅವು ಕೆಂಪಾಗುವುದು ಮುಂದಿನ ವರ್ಷ. ಆ ಕೆಂಪನ್ನು ಲ್ಯಾಂಡ್‌ಸ್ಯಾಟ್ ಉಪಗ್ರಹ ಚೆನ್ನಾಗಿ ಹಿಡಿಯುತ್ತದೆ. ಚಿಕ್ಕ ವಿಮಾನದಲ್ಲಿ ಕೂತು ನಕ್ಷೆಯ ಮೇಲೆ ಗೆರೆ ಎಳೆಯುವ ಸಮೀಕ್ಷಕರೂ ಹಿಡಿಯುತ್ತಿದ್ದರು. ಅಷ್ಟರಲ್ಲಿ ಹೊಸ ಪೀಳಿಗೆಯ ದುಂಬಿ ಹೊರಬಿದ್ದು ಪಕ್ಕದ ಹಸಿರು ಮರ ಸೇರುತ್ತಿರುತ್ತದೆ. ಆದ್ದರಿಂದ ಅಲ್ಲಿನ ಅನುಭವಿಗಳು ಕೆಂಪು ಮರದ ಬಳಿ ನಿಲ್ಲುವುದಿಲ್ಲ. ಅದರ ಸುತ್ತಲಿನ ಹಸಿರು ಮರಗಳ ಬುಡಕ್ಕೆ ಹೋಗಿ ಕೊರೆದ ಪುಡಿ ಬಿದ್ದಿದೆಯೇ, ತೊಗಟೆಯ ತೂತಿನಲ್ಲಿ ಅಂಟು ಉಂಡೆಗಟ್ಟಿದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಎಲ್ಲಿಂದ ನಡೆಯಲು ಶುರುಮಾಡಬೇಕು ಎಂಬುದನ್ನಷ್ಟೇ ಉಪಗ್ರಹ ಹೇಳಿತು. ಅದೇ ದೊಡ್ಡ ಉಪಕಾರ ಎಂದು ನನ್ನ ಎಣಿಕೆ. ಮಧ್ಯಪ್ರದೇಶದ ಸಾಲ್ ಕಾಡುಗಳಿಗೆ 1997ರ ಸುಮಾರಿಗೆ ಕೊರಕ ದುಂಬಿ ಬಿದ್ದಾಗಲೂ ಕಷ್ಟ ಇದೇ: ನೆತ್ತಿ ಒಣಗಿದ್ದು ಕಂಡಾಗ ಕಾಂಡದೊಳಗಿನ ಕೆಲಸ ಮುಗಿದಿತ್ತು.

ಬೆಳಕಿನ ಲೆಕ್ಕ ನಿಮಗೆ ಗೊತ್ತೇ ಇದೆ. ಪತ್ರಹರಿತ್ತು ಕೆಂಪನ್ನು ನುಂಗುತ್ತದೆ, ಎಲೆಯ ಒಳರಚನೆ ಸಮೀಪದ ಅವಗೆಂಪನ್ನು ಹಿಂದಕ್ಕೆ ಕಳಿಸುತ್ತದೆ, ಎಲೆಯ ನೀರು ಅದಕ್ಕೂ ಆಚೆಯ ಕಿರುತರಂಗಗಳನ್ನು ಹೀರುತ್ತದೆ. ಈ ಮೂರರ ಏರುಪೇರಿನಿಂದ ಮರ ಸೊರಗಿದ್ದು ತಿಳಿಯುತ್ತದೆ. ಏಕೆ ಸೊರಗಿತು ಎಂಬುದು ತಿಳಿಯುವುದಿಲ್ಲ. ಬರ, ಕಾಡ್ಗಿಚ್ಚು, ಹುಳು ಮೂರೂ ಪಿಕ್ಸೆಲ್‌ನಲ್ಲಿ ಒಂದೇ ಥರ ಕಾಣಬಹುದು.

ಈಗ ನಮ್ಮ ಹಳಿಯಾಳ, ದಾಂಡೇಲಿ ಕಡೆಯ ಸಾಗುವಾನಿಗೆ ಬನ್ನಿ. ಇಲ್ಲಿ ತೊಂದರೆ ತಿರುಗಾಮುರುಗ. ಬೇಸಿಗೆಯಲ್ಲಿ ಬೋಳಾಗಿ ನಿಂತ ಮರ ಅಶ್ವಿನಿ, ಭರಣಿ ಮಳೆಯ ಹೊತ್ತಿಗೆ ಚಿಗುರುತ್ತದೆ. ಆ ಎಳೆ ಚಿಗುರಿಗೇ ಎಲೆ ತಿನ್ನುವ ಹುಳು ಬೀಳುತ್ತದೆ. ಮೊದಲು ಅಲ್ಲೊಂದು ಇಲ್ಲೊಂದು ಒಂದೆರಡು ಹೆಕ್ಟೇರಿನ ತುಣುಕುಗಳಲ್ಲಿ, ಅಲ್ಲಿ ಹುಟ್ಟಿದ ಪತಂಗಗಳು ಹಾರಿದ ಮೇಲೆ ದೊಡ್ಡ ನೆಡುತೋಪುಗಳಲ್ಲಿ. ಹುಳು ಎಲೆ ತಿನ್ನುವುದು ಎರಡು ವಾರಕ್ಕಿಂತ ಕಡಿಮೆ. ಆ ದಿನಗಳಲ್ಲಿ ತೋಪಿನೊಳಗೆ ನಿಂತರೆ ಹಿಕ್ಕೆ ಒಣ ತರಗೆಲೆಯ ಮೇಲೆ ಉದುರುವ ಸದ್ದು ಕೇಳುತ್ತದೆ. ಆಮೇಲೆ ಹುಳುಗಳು ನೂಲು ಬಿಟ್ಟುಕೊಂಡು ನೆಲಕ್ಕಿಳಿಯುತ್ತವೆ. ಮರ ಸಾಯುವುದಿಲ್ಲ. ಕೆಲವೇ ವಾರದಲ್ಲಿ ಮತ್ತೆ ಚಿಗುರುತ್ತದೆ. ಒಂದು ಲ್ಯಾಂಡ್‌ಸ್ಯಾಟ್ ಅದೇ ಜಾಗಕ್ಕೆ ಮರಳುವುದು 16 ದಿನಕ್ಕೊಮ್ಮೆ. ಸೆಂಟಿನೆಲ್‌-2 ಉಪಗ್ರಹಗಳ ಜೋಡಿ ಐದು ದಿನಕ್ಕೊಮ್ಮೆ ಬಂದರೂ ಮುಂಗಾರಿನ ಮೋಡ ಅಡ್ಡ. ಏಪ್ರಿಲ್ ಮೊದಲಲ್ಲಿ ತೆಗೆದ ಚಿತ್ರದಲ್ಲಿ ಮರ ಬೋಳು, ಅದು ಸಹಜ. ಮೋಡ ಸರಿದ ಮೇಲಿನ ಚಿತ್ರದಲ್ಲಿ ಹಚ್ಚ ಹಸಿರು. ನಡುವೆ ಏನೂ ಆಗಲೇ ಇಲ್ಲ ಎಂದು ನಕ್ಷೆ ಹೇಳುತ್ತದೆ!

ಆಗಿರುತ್ತದೆ. ನಿಲಂಬೂರಿನ ಎಳೆಯ ತೋಪುಗಳಲ್ಲಿ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಅಳೆದು ನೋಡಿದಾಗ, ಮರ ಬೆಳೆಯಬಹುದಾಗಿದ್ದ ಪ್ರಮಾಣದಲ್ಲಿ ಶೇ 44ರಷ್ಟು ಈ ಹುಳುವಿನ ಪಾಲಾಗುತ್ತಿತ್ತು. ಕೆನಡಾದಲ್ಲಿ ಹುಳು ಹೋದ ಮೇಲೂ ಗಾಯ ಕಾಣುತ್ತಿತ್ತು. ಇಲ್ಲಿ ಗಾಯವೇ ಮುಚ್ಚಿಹೋಗುತ್ತದೆ, ನಷ್ಟ ಮಾತ್ರ ಮರದ ಸುತ್ತಳತೆಯಲ್ಲಿ ಉಳಿಯುತ್ತದೆ. ಹಾಗಾಗಿ ಒಂದೇ ಸೂತ್ರವನ್ನು ಎರಡು ಕಾಡಿಗೂ ಹಚ್ಚುವ ಸಾಫ್ಟ್‌ವೇರ್ ಬಗ್ಗೆ ನನಗೆ ಅನುಮಾನ, ಅದನ್ನು ಎಷ್ಟೇ ಚೆಂದದ ಸ್ಲೈಡಿನಲ್ಲಿ ತೋರಿಸಿದರೂ.

ನಿಮಗೆ ನಮಗಿಲ್ಲದ ಅನುಕೂಲಗಳಿವೆ. 1972ರಿಂದ ಸಂಗ್ರಹವಾದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಕಾಸು ಕೊಡದೆ ಬಳಸುವ ಹಾಗೆ ಮಾಡಿದ್ದು 2008ರಲ್ಲಿ. ಅದಕ್ಕೂ ಮೊದಲು ಒಂದೊಂದು ಚಿತ್ರಕ್ಕೂ ಅರ್ಜಿ, ಅನುದಾನ, ಕಾಯುವಿಕೆ. ಈಗ ಹಾಸ್ಟೆಲ್ ಕೋಣೆಯಲ್ಲಿ ಕೂತು ಒಂದೇ ತೋಪಿನ ಮೇ ತಿಂಗಳನ್ನು ಹತ್ತು ಹದಿನೈದು ವರ್ಷ ಸಾಲಾಗಿ ಇಟ್ಟು ನೋಡಬಹುದು. ಚಿಗುರು ತಡವಾದದ್ದು ಮಳೆಯಿಂದಲೋ ಹುಳುವಿನಿಂದಲೋ ಎಂಬ ಸಂಶಯ ಹುಟ್ಟುವುದೇ ಹಾಗೆ. ಮೋಡದಾಚೆ ನೋಡಬಲ್ಲ ರೇಡಾರ್ ಉಪಗ್ರಹ ನೈಸಾರ್ ಅನ್ನು ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದವು. ಅದು 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತದೆ. ಹಾಗೆಂದು ಎಲ್ಲ ಬಗೆಹರಿಯಿತು ಎನ್ನಬೇಡಿ. ಎಲೆ ಹೋದರೂ ರೇಡಾರ್ ಸಂಕೇತ ಬದಲಾಗುತ್ತದೆ, ಎಲೆ ಮಳೆಯಲ್ಲಿ ನೆನೆದರೂ ಬದಲಾಗುತ್ತದೆ, ನೆಲ ತೇವವಾದರೂ ಬದಲಾಗುತ್ತದೆ.

ಇವನ್ನು ಬಿಡಿಸಿ ಹೇಳಬೇಕಾದರೆ ಯಾವ ತೋಪಿನಲ್ಲಿ ಯಾವ ತಾರೀಖಿಗೆ ಹುಳು ಕಂಡಿತು, ಯಾವಾಗ ಎಲೆ ಖಾಲಿಯಾಯಿತು, ಯಾವಾಗ ಮರುಚಿಗುರು ಬಂತು ಎಂದು ಯಾರೋ ಬರೆದಿಟ್ಟಿರಬೇಕು. ಆ ತಾರೀಖು ಬೇಕಾಗುವುದು ನಕ್ಷೆಗೆ ಮಾತ್ರವಲ್ಲ. ಸಾಗುವಾನಿಯ ಆ ಹುಳುವನ್ನು ಕೊಲ್ಲುವ ವೈರಸ್ ಒಂದಿದೆ. ಸಿಂಪಡಿಸಿದರೆ ಹುಳು ಎಳೆಯದಾಗಿದ್ದಾಗ ಮಾತ್ರ ಪ್ರಯೋಜನ. ಅಂದರೆ ಸುದ್ದಿ ಅರಣ್ಯ ವಾಚರ್‌ನಿಂದ ಕಚೇರಿಗೆ ಮುಟ್ಟಲು ಸಿಗುವ ಸಮಯ ನಾಲ್ಕೈದು ದಿನ. ವಾಚರ್‌ಗೆ ಹುಳು ಮೊದಲು ಕಾಣುವ ಮೂಲೆಗಳು ಗೊತ್ತಿರುತ್ತವೆ, ಅದನ್ನು ಬರೆದುಕೊಳ್ಳುವವರು ಬಂದಿರುವುದಿಲ್ಲ. ಕೆಲಸದ ಆದೇಶ ಬರುವುದಕ್ಕೆ ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ ಎಂದು ನಿಮ್ಮಲ್ಲಿ ಕೆಲವರು ಬೆಳಿಗ್ಗೆ ಹೇಳುತ್ತಿದ್ದಿರಿ. ಬರುವ ಏಪ್ರಿಲ್‌ನಲ್ಲಿ ನಿಮಗೆ ಪರೀಕ್ಷೆಯೂ ಇಲ್ಲ. ಹಳಿಯಾಳದ ಬಸ್ಸು ಹತ್ತಿ, ಒಂದು ನೋಟುಪುಸ್ತಕ ಇರಲಿ.