ದಮ್ಮು ಇದ್ದವರ ಕೈಗೆ ಕಸಬರಿಗೆ ಕೊಡಬ್ಯಾಡ್ರಿ: ಮಳೆ ನೀರು ಹೊಕ್ಕ ಮನೆ ಸ್ವಚ್ಛ ಮಾಡೋದು ಹೆಂಗ?

ಇವತ್ತಿನ ವಿಷಯ ಬೂಷ್ಟು. ರೊಟ್ಟಿ ಮ್ಯಾಲಿನ ಬೂಷ್ಟಲ್ಲ, ಗ್ವಾಡಿ ಮ್ಯಾಲಿಂದು. ಮಳೆಗಾಲ ಮುಗಿದ ಮ್ಯಾಲೂ ಅಲ್ಮಾರಿ ಹಿಂದ, ಪಲ್ಲಂಗದ ಕೆಳಗ, ಗಾದಿ ಒಳಗ ಉಳ್ಕೊಳ್ಳೋ ಕರಿ, ಹಸಿರು ಕಲೆ.

ಮೊದಲೇ ಹೇಳ್ತೀನಿ, ನನಗ ಸಣ್ಣಂದಿನಿಂದ ದಮ್ಮು ಅದ. ಇನ್‌ಹೇಲರ್ ಜೇಬಿನಾಗ ಇರ್ತದ. ಹಿಂಗಾಗಿ ಈ ಮಾತು ನನಗ ಬರೇ ಸುದ್ದಿ ಅಲ್ಲ.

2020ರ ಅಕ್ಟೋಬರ್ ಮಳೆ ನಿಮಗ ನೆನಪಿರಬೇಕು. ಆಮೇಲೆ 2025ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್. ಮಹಾರಾಷ್ಟ್ರದ ಧನೇಗಾಂವ್ ಜಲಾಶಯದಿಂದ ನೀರು ಬಿಟ್ಟರು, ಇಲ್ಲಿ ಮಳೆಯೂ ಜೋರಾಗಿತ್ತು, ಮಾಂಜ್ರಾ ತುಂಬಿ ಹರೀತು. ಭಾಲ್ಕಿ, ಔರಾದ್ ಕಡೆ ಹೊಲ ಮುಳುಗಿದ್ದು ಟಿವಿಯಲ್ಲಿ ಬಂತು, ಸೇತುವೆ ಮುಳುಗಿದ್ದು ಬಂತು. ಆದರ ನೀರು ಇಳಿದ ಮ್ಯಾಲೆ ಮನೆ ಒಳಗ ಏನಾಗ್ತದ ಅನ್ನೋದು ಯಾವ ಚಾನೆಲ್‌ನಾಗೂ ಬರಲ್ಲ. ಅಲ್ಲಿಂದ ನಮ್ಮ ಮಾತು ಶುರು.

ಬೂಷ್ಟಿನ ಬೀಜ, ಅಂದ್ರೆ ಅದರ ಸಣ್ಣ ಸಣ್ಣ ಕಣ, ಗಾಳಿಯಲ್ಲಿ ಯಾವಾಗಲೂ ಇರ್ತದ. ಈಗ ನೀವು ಕೂತಲ್ಲೂ ಅದ. ಅದಕ್ಕ ಬೇಕಾಗಿರೋದು ತೇವ. ಗಾದಿ, ಕೌದಿ, ರಟ್ಟಿನ ಡಬ್ಬಿ, ಪ್ಲೈವುಡ್, ಗ್ವಾಡಿ ಬಣ್ಣ ಇವೆಲ್ಲ ಅದಕ್ಕ ಊಟ. ನೀರು ಹೊಕ್ಕ 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬೂಷ್ಟು ಹಿಡಿಯೋದನ್ನು ಬಹುತೇಕ ತಡೀಬಹುದು. ಅದು ದಾಟಿದರೆ ಬೆಳೆಯೋಕೆ ಶುರುವಾಗ್ತದ. ನಮ್ಮ ಕೈಯಲ್ಲಿ ಇರೋದು ಎರಡು ದಿನ.

ಆ ಎರಡು ದಿನದಾಗ ನಾವು ಏನು ಮಾಡ್ತೀವಿ? ಪಂಚನಾಮೆಗೆ ಕಾಯ್ತೀವಿ. ತಲಾಟಿ ಬಂದು ನೋಡಲಿ, ಆಮೇಲೆ ಎತ್ತೋಣ ಅಂತ ನೆನೆದ ಗಾದಿ, ಅರಿವೆ ಎಲ್ಲ ಹಂಗೇ ಬಿಡ್ತೀವಿ. ಪರಿಹಾರ ತಪ್ಪಬಾರದು ಅನ್ನೋ ಚಿಂತೆ ಖರೇನೇ ಅದ. ಆದರ ಕೈಯಾಗ ಫೋನ್ ಇದೆಯಲ್ಲ? ನೀರು ಎಲ್ಲಿತನಕ ಬಂದಿತ್ತು ಅನ್ನೋ ಗೆರೆ ಗ್ವಾಡಿ ಮ್ಯಾಲೆ ಇರ್ತದ, ಅದರ ಫೋಟೊ ತೆಗೀರಿ. ಒಂದೊಂದು ಖೋಲಿಗೂ ಒಂದೊಂದು ವಿಡಿಯೊ, ಹಾಳಾದ ಒಂದೊಂದು ಸಾಮಾನಿಗೂ ಫೋಟೊ. ಗ್ರಾಮ ಆಡಳಿತಾಧಿಕಾರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸ್ರಿ. ಹಾಳಾದ ಸಾಮಾನನ್ನು ಅಂಗಳದಾಗ ತಾಡಪತ್ರಿ ಕೆಳಗ ಇಡ್ರಿ, ಬಂದವರು ಅಲ್ಲೇ ನೋಡ್ತಾರ. ಮನೆಯೊಳಗ ಮಾತ್ರ ಬ್ಯಾಡ.

ಒಳಗ ಕಾಲಿಡೋಕಿಂತ ಮೊದಲು ಕರೆಂಟ್ ನೋಡ್ರಿ. ಬೋರ್ಡ್‌ತನಕ ನೀರು ಬಂದಿತ್ತು ಅಂದ್ರೆ ಮೇನ್ ಮುಟ್ಟಬ್ಯಾಡ್ರಿ, ಜೆಸ್ಕಾಂನವರನ್ನೋ ಲೈನ್‌ಮನ್ನನ್ನೋ ಕರೀರಿ. ಸಹಾಯವಾಣಿ 1912.

ಈಗ ಮುಖ್ಯ ಮಾತು. ಸ್ವಚ್ಛ ಮಾಡೋರು ಯಾರು?

ಔರಾದ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಕಾಕಿ ಇದ್ದಾರ. ಅವರಿಗೂ ದಮ್ಮು. ಮನೆಗೆ ನೀರು ಹೊಕ್ಕಾಗ ಗಂಡಸರು ಹೊಲ ನೋಡೋಕೆ ಹೋದರು. ಹುಡುಗರು ಸಾಮಾನು ಎತ್ತಿ ಹೊರಗಿಟ್ಟು ಸುಸ್ತಾದರು. ಒಂದು ವಾರ ಬಿಟ್ಟು ಗ್ವಾಡಿ ಕರಿ ಆದಾಗ ಕಸಬರಿಗೆ ಬಂದಿದ್ದು ಕಾಕಿ ಕೈಗೆ. ಬಾಯಿಗೆ ಸೀರೆ ಸೆರಗು ಕಟ್ಕೊಂಡು, ಒಣ ಗ್ವಾಡಿ ಕೆರೆದು ಕೆರೆದು ಉದುರಿಸಿದರು. ಅವತ್ತು ರಾತ್ರಿ ಮಲಗೋಕೆ ಆಗಲಿಲ್ಲ, ಕೂತೇ ಕಳೆದರು. ಬೆಳಗ್ಗೆ ದವಾಖಾನಿ, ನೆಬ್ಯುಲೈಸರ್. ಯಾರೂ ಕೆಟ್ಟವರಲ್ಲ ಅಲ್ಲಿ. ಸ್ವಚ್ಛ ಮಾಡೋದು ಹೆಣ್ಮಕ್ಕಳ ಕೆಲಸ ಅಂತ ಎಲ್ಲರೂ ಅನ್ಕೊಂಡಿದ್ದರು, ಕಾಕಿ ಸಹಿತ.

ಬೂಷ್ಟು ಸ್ವಚ್ಛ ಮಾಡುವಾಗ ಅದರ ಕಣ ಗಾಳಿಗೆ ಏಳ್ತದ. ಸುಮ್ಮನೆ ಕೂತ ಬೂಷ್ಟಿಗಿಂತ ಕೆರೆದ ಬೂಷ್ಟು ಆ ಹೊತ್ತಿಗೆ ಹೆಚ್ಚು ತೊಂದರೆ ಕೊಡ್ತದ. ಹಿಂಗಾಗಿ ದಮ್ಮು ಇದ್ದವರು, ಸಿಒಪಿಡಿ ಇದ್ದ ಅಜ್ಜ ಅಮ್ಮ, ಬೂಷ್ಟಿನ ಅಲರ್ಜಿ ಇರೋರು, ಕ್ಯಾನ್ಸರ್‌ಗೆ ಕಿಮೊ ತಗೊಳ್ತಾ ಇರೋರು, ಕಿಡ್ನಿ ಕಸಿ ಆದವರು, ಬಹಳ ದಿನದಿಂದ ಸ್ಟಿರಾಯ್ಡ್ ಗುಳಿಗಿ ತಗೊಳ್ಳೋರು, ಸಣ್ಣ ಮಕ್ಕಳು, ಇವರು ಸ್ವಚ್ಛ ಮಾಡೋದೂ ಬ್ಯಾಡ, ಆ ಹೊತ್ತಿಗೆ ಮನೆಯಲ್ಲಿ ಇರೋದೂ ಬ್ಯಾಡ. ಬಾಜು ಮನೆಗೋ, ತವರಿಗೋ, ಸಂಬಂಧಿಕರ ಮನೆಗೋ ಹೋಗಲಿ. ಅಮೆರಿಕದ ಸಿಡಿಸಿ ಸಂಸ್ಥೆ ಪ್ರವಾಹದ ನಂತರ ಜನರಿಗೆ ಹೇಳೋದೂ ಇದನ್ನೇ.

ನಮ್ಮ ಮನೆಗಳಲ್ಲಿ ಸೊಸೆ ಆದವಳು ‘ನಾ ಸ್ವಚ್ಛ ಮಾಡಲ್ಲ’ ಅಂದ್ರೆ ಮೈಗಳ್ಳಿ ಅಂತಾರ. ಅದಕ್ಕ ಆ ಮಾತು ಆಕೆ ಬಾಯಿಂದ ಬರೋತನಕ ಕಾಯಬಾರದು. ಮನೆಯಲ್ಲಿ ದಮ್ಮು ಇಲ್ಲದ ಹುಡುಗರು ನೀವು ಇದ್ದರೆ, ನೀವೇ ಹೇಳ್ರಿ: ‘ವೈನಿ, ನೀವು ಹೊರಗಿರ್ರಿ, ಇದು ನಾ ಮಾಡ್ತೀನಿ.’

ಸರಿ, ನೀವು ಮಾಡ್ತೀರಿ. ಹೆಂಗ ಮಾಡಬೇಕು?

ದಸ್ತಿ, ಟವೆಲ್, ಸೆರಗು ಈ ಕಣ ತಡೆಯಲ್ಲ. ಎನ್95 ಮಾಸ್ಕ್ ಹಾಕ್ರಿ, ಮೂಗಿನ ಮೇಲಿನ ತಂತಿ ಒತ್ತಿ ಬಿಗಿ ಮಾಡ್ರಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ. ಕಿಟಕಿ ತೆಗೀರಿ. ಕೆರೆಯುವಾಗ ಫ್ಯಾನ್ ಬಂದ್ ಇರಲಿ. ಒಣ ಗ್ವಾಡಿ ಕೆರೀಬ್ಯಾಡ್ರಿ, ಮೊದಲು ಸಾಬೂನು ನೀರಿನಲ್ಲಿ ಒದ್ದೆ ಮಾಡಿ, ಆಮೇಲೆ ಒರೆಸ್ರಿ. ಒರೆಸಿದ ಅರಿವೆ ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಯಿ ಕಟ್ಟಿ ಒಗೀರಿ. ಎಲ್ಲ ಮುಗಿದು ಒರೆಸಿ ಆದ ಮೇಲೆ ಫ್ಯಾನ್ ಹಚ್ಚಿ ಒಣಗಿಸ್ರಿ.

ಎಷ್ಟು ಬೂಷ್ಟು ಇದ್ದರೆ ನಾವೇ ಮಾಡಬಹುದು? ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹಾಕಿರೋ ಅಂದಾಜು 10 ಚದರ ಅಡಿ, ಅಂದ್ರೆ ಸುಮಾರು ಮೂರು ಅಡಿ ಉದ್ದ, ಮೂರು ಅಡಿ ಅಗಲ. ಅದಕ್ಕಿಂತ ಹೆಚ್ಚು ಇದ್ದರೆ ಗೌಂಡಿಯವರನ್ನು ಕರೆದು ಹಾಳಾದ ಗಿಲಾವ್ ತೆಗೆಸೋದು ಒಳ್ಳೇದು. ಅವರಿಗೂ ಮಾಸ್ಕ್ ಕೊಡ್ರಿ. ಅವರಿಗೂ ಪುಪ್ಪುಸ ಇರ್ತದ.

ಬ್ಲೀಚಿಂಗ್ ಪೌಡರ್ ಬಗ್ಗೆ ಬಹಳ ಮಂದಿ ಕೇಳ್ತಾರ. ಫರ್ಸಿ, ಟೈಲ್ಸ್ ಮೇಲೆ ಚರಂಡಿ ನೀರು ಬಂದಿದ್ದರೆ ಅದು ಉಪಯೋಗಕ್ಕೆ ಬರ್ತದ. ಆದರ ಗಿಲಾವ್ ಒಳಗ ಇಳಿದ ಬೂಷ್ಟಿಗೆ ಅದು ಮುಟ್ಟಲ್ಲ. ಮ್ಯಾಲಿನ ಬಣ್ಣ ಬೆಳ್ಳಗೆ ಆಗ್ತದ, ಅಷ್ಟೇ. ಸತ್ತ ಬೂಷ್ಟೂ ಅಲರ್ಜಿ ಮಾಡ್ತದ, ಹಿಂಗಾಗಿ ಕೊಲ್ಲೋದು ಸಾಲದು, ತೆಗೀಬೇಕು. ಅದರ ವಾಸನೆ ದಮ್ಮಿನವರಿಗೆ ಆಗಿಬರಲ್ಲ. ಎಲ್ಲಕ್ಕಿಂತ ದೊಡ್ಡ ಮಾತು: ಬ್ಲೀಚಿಂಗ್ ಜೊತೆ ಸಂಡಾಸ್ ತೊಳೆಯೋ ಆ್ಯಸಿಡ್ ಎಂದಿಗೂ ಕೂಡಿಸಬ್ಯಾಡ್ರಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳ್ತದ. ಮುಚ್ಚಿದ ಬಾತ್‌ರೂಮ್‌ನಾಗ ಅದು ಜೀವಕ್ಕೇ ಕುತ್ತು, ದಮ್ಮು ಇಲ್ಲದವರಿಗೂ.

ಗಾದಿ, ದಿಂಬು, ನೆನೆದ ಪ್ಲೈವುಡ್, ರಟ್ಟು, ಇವು ಎರಡು ದಿನಕ್ಕಿಂತ ಹೆಚ್ಚು ಹಸಿ ಇದ್ದರೆ ಆಸೆ ಬಿಡ್ರಿ. ಅವ್ವನ ಮದುವೆ ಗಾದಿ ಒಗೆಯೋದು ಸುಲಭ ಅಲ್ಲ, ನನಗೂ ಗೊತ್ತು. ಆದರ ಬಿಸಿಲಿಗೆ ಹಾಕಿದರೆ ಮ್ಯಾಲೆ ಒಣಗ್ತದ, ಒಳಗಿನ ಅರಳೆ ಒಣಗಲ್ಲ. ಅದರ ಮ್ಯಾಲೆ ಮೂಗಿಟ್ಟು ಎಂಟು ತಾಸು ಮಲಗೋರು ನಾವೇ. ಕೌದಿ, ಅರಿವೆ ಉಳೀತಾವ: ಬಿಸಿನೀರು, ಸಾಬೂನು, ಆಮೇಲೆ ಕಡು ಬಿಸಿಲು. ಸ್ಟೀಲ್, ಗಾಜು, ಗಟ್ಟಿ ಪ್ಲಾಸ್ಟಿಕ್ ತೊಳೆದರೆ ಆಯ್ತು.

ಈಗ ಗ್ವಾಡಿಗೆ ಬರೋಣ. ಬೀದರ್ ಊರು ನಿಂತಿರೋದು ಕೆಂಪು ಕಲ್ಲಿನ ಮ್ಯಾಲೆ, ಅಂದ್ರೆ ಜಂಬಿಟ್ಟಿಗೆ. ಈ ಕಲ್ಲಿನ ತುಂಬ ತೂತು. ಮಳೆ ನೀರು ಇದರೊಳಗಿಂದ ಇಳಿದು ಹೋಗ್ತದ ಅಂತಲೇ ಬಹಮನಿ ಕಾಲದಾಗ ನೌಬಾದ್‌ನಲ್ಲಿ ಸುರಂಗ ಬಾವಿ ತೋಡಿ ನೀರು ಹಿಡಿದರು. ಅದೇ ಕಲ್ಲಿನ ಹಳೆ ಮನೆಗಳಲ್ಲಿ ಗ್ವಾಡಿ ನೀರು ಕುಡೀತದ. ಹಿಂದಿನವರು ಸುಣ್ಣದ ಗಿಲಾವ್ ಮಾಡ್ತಿದ್ದರು, ಕುಡಿದ ನೀರು ಹೊರಗ ಆರಿ ಹೋಗ್ತಿತ್ತು. ನಾವು ಅದರ ಮ್ಯಾಲೆ ಸಿಮೆಂಟ್, ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಹಚ್ಚಿ ದಾರಿ ಮುಚ್ಚಿದೀವಿ. ಭಾಲ್ಕಿ, ಔರಾದ್ ಕಡೆ ಕರಿ ಭೂಮಿ ಹೆಚ್ಚು. ಅದು ನೀರು ಹಿಡಿದಿಟ್ಟುಕೊಳ್ತದ, ಹಸಿಯಾದಾಗ ಉಬ್ಬತದ, ಒಣಗಿದಾಗ ಬಿರೀತದ. ಅಂಗಳ ಒಣಗಿದ ಮ್ಯಾಲೂ ಪಾಯಾದಿಂದ ತೇವ ಮ್ಯಾಲೆ ಏರ್ತಾ ಇರ್ತದ.

ಹಿಂಗಾಗಿ ಬಣ್ಣ ಬಳಿಯೋ ಅವಸರ ಬ್ಯಾಡ. ಒಂದು ಸಣ್ಣ ಪರೀಕ್ಷೆ ಮಾಡ್ರಿ. ಒಂದಡಿ ಉದ್ದ, ಒಂದಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಗ್ವಾಡಿಗೆ ಇಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡ್ರಿ. ಹಾಳೆಯ ಒಳಗಡೆ, ಗ್ವಾಡಿ ಕಡೆ, ನೀರಿನ ಹನಿ ಕಂಡರೆ ಗ್ವಾಡಿ ಒಳಗ ಇನ್ನೂ ನೀರು ಅದ. ಹೊರಗಡೆ ಹನಿ ಕಂಡರೆ ಖೋಲಿಯ ಗಾಳಿಯೇ ಹಸಿ ಅದ. ಮೊದಲನೇದಕ್ಕೆ ನೀರು ಬರೋ ದಾರಿ ಹುಡುಕಬೇಕು: ಛತ್ತಿನ ಬಿರುಕು, ಒಡೆದ ಪೈಪ್, ಗ್ವಾಡಿ ಬುಡಕ್ಕೆ ನಿಲ್ಲೋ ನೀರು. ಎರಡನೇದಕ್ಕೆ ಗಾಳಿ ಆಡಿಸಬೇಕು. ಬೆಳ್ಳನೆ ಪುಡಿ ಕಂಡರೆ ಅದರ ಮ್ಯಾಲೆ ಎರಡು ಹನಿ ನೀರು ಹಾಕ್ರಿ. ಕರಗಿ ಹೋದರೆ ಅದು ಉಪ್ಪು, ಬೂಷ್ಟಲ್ಲ. ಆದರ ಅದೂ ತೇವದ ಸುಳಿವೇ.

ಬೀದರ್‌ನಾಗ ರೂಮ್ ಬಾಡಿಗೆಗೆ ಹುಡುಕ್ತಾ ಇರೋ ವಿದ್ಯಾರ್ಥಿಗಳಿಗೆ ಒಂದು ಮಾತು. ಹೊಸ ಬಣ್ಣ ನೋಡಿ ಡಿಪಾಸಿಟ್ ಕೊಡಬ್ಯಾಡ್ರಿ. ಐದು ನಿಮಿಷ ಬಾಗಿಲು ಕಿಟಕಿ ಮುಚ್ಚಿ ನಿಂತು ವಾಸನೆ ನೋಡ್ರಿ. ಅಲ್ಮಾರಿ ಹಿಂದ, ಬಾತ್‌ರೂಮ್ ಹೊಂದಿಕೊಂಡ ಗ್ವಾಡಿ, ಛತ್ತಿನ ಮೂಲೆ ನೋಡ್ರಿ. ಬಣ್ಣ ಉಬ್ಬಿದ್ದರೆ ಮಾಲಕರನ್ನ ಕೇಳ್ರಿ.

ಇನ್ನೊಂದು ಸಾಮಾನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ: ಕೂಲರ್. ಭಾರತದ 19 ನಗರಗಳ 27 ಕೇಂದ್ರಗಳಲ್ಲಿ ಪುಪ್ಪುಸ ಗಟ್ಟಿಯಾಗುವಂಥ ಕಾಯಿಲೆ ಇದ್ದ 1,084 ಮಂದಿಯನ್ನು ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 47ರಷ್ಟು ಮಂದಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್, ಅಂದ್ರೆ ಉಸಿರಿನ ಜೊತೆ ಒಳಗೆ ಹೋದ ಬೂಷ್ಟು, ಹಕ್ಕಿ ಹಿಕ್ಕೆಯಂಥ ಕಣಗಳಿಗೆ ಪುಪ್ಪುಸ ಊದಿಕೊಳ್ಳೋ ಕಾಯಿಲೆ. ಆ ಕಾಯಿಲೆ ಇದ್ದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಕೂಲರ್ ಗಾಳಿಯಲ್ಲಿ ಇದ್ದವರು. ಬೀದರ್ ಬ್ಯಾಸಗಿಗೆ ಕೂಲರ್ ಬೇಕೇ ಬೇಕು, ಬಿಡ್ರಿ ಅಂತ ನಾ ಹೇಳಲ್ಲ. ನೀರು ದಿನಾ ಬದಲಿಸ್ರಿ, ವಾರಕ್ಕೊಮ್ಮೆ ಟಾಕಿ ತಿಕ್ಕಿ ತೊಳೀರಿ, ಹುಲ್ಲಿನ ಪ್ಯಾಡ್ ವರ್ಷಾ ವರ್ಷ ಹೊಸದು ಹಾಕ್ರಿ. ಮಳೆಗಾಲಕ್ಕೆ ಪೂರ್ತಿ ಒಣಗಿಸಿ ಎತ್ತಿಡ್ರಿ.

ಗ್ವಾಡಿ ಮ್ಯಾಲಿನ ಕರಿ ಕಲೆ ನೋಡಿ ‘ಬ್ಲ್ಯಾಕ್ ಫಂಗಸ್’ ಅಂತ ಹೆದರೋರೂ ಅದಾರ. 2021ರಲ್ಲಿ ಕೋವಿಡ್ ಬಂದವರಿಗೆ ಕಾಡಿದ ಮ್ಯುಕರ್‌ಮೈಕೋಸಿಸ್ ಬೇರೆ, ಇದು ಬೇರೆ. ಆದರ ಆ ಕಾಯಿಲೆ ಹೆಚ್ಚು ಹಿಡಿದಿದ್ದು ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ, ಸ್ಟಿರಾಯ್ಡ್ ತಗೊಂಡವರಿಗೆ. ಅಂಥವರು ಬೂಷ್ಟಿನಿಂದ ದೂರ ಇರೋದೇ ಒಳ್ಳೇದು. ಯಾವ ಜಾತಿ ಬೂಷ್ಟು ಅಂತ ಪರೀಕ್ಷೆ ಮಾಡಿಸೋಕೆ ರೊಕ್ಕ ಹಾಕಬ್ಯಾಡ್ರಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯ ತೇವ, ಬೂಷ್ಟಿನ ಬಗ್ಗೆ ಮಾರ್ಗಸೂಚಿ ತಂದಿತು. ಇಷ್ಟು ಬೂಷ್ಟು ಇದ್ದರೆ ಪರವಾಗಿಲ್ಲ ಅಂತ ಅದು ಅಳತೆ ಹಾಕಲಿಲ್ಲ, ತೇವವನ್ನೇ ನಿಲ್ಲಿಸಿ ಅಂತ ಹೇಳಿತು. ಯಾವ ಬೂಷ್ಟೇ ಇರಲಿ, ತೆಗೆಯೋ ಕೆಲಸ ಒಂದೇ.

ನೀರು ಹೊಕ್ಕ ಮನೆಗೆ ವಾಪಸ್ ಬಂದ ಮ್ಯಾಲೆ ರಾತ್ರಿ ಕೆಮ್ಮು ಹೆಚ್ಚಾದರೆ, ಎದೆಯಲ್ಲಿ ಗೊರ ಗೊರ ಅಂದ್ರೆ, ಇನ್‌ಹೇಲರ್ ಮೊದಲಿಗಿಂತ ಜಾಸ್ತಿ ಬೇಕಾಗ್ತಿದ್ದರೆ ತಡ ಮಾಡಬ್ಯಾಡ್ರಿ. ಕೂತಲ್ಲೇ ಉಸಿರು ಸಿಗಲ್ಲ, ಮಾತು ಪೂರ್ತಿ ಆಡೋಕೆ ಆಗಲ್ಲ ಅಂದ್ರೆ 108ಕ್ಕೆ ಫೋನ್ ಹಚ್ಚ್ರಿ. ಭಾಲ್ಕಿ, ಔರಾದ್‌ನ ತಾಲ್ಲೂಕು ಆಸ್ಪತ್ರೆ ಇರಲಿ, ಬೀದರ್‌ನ ಬ್ರಿಮ್ಸ್ ಇರಲಿ, ಡಾಕ್ಟರ್ ಮುಂದೆ ಕೂತಾಗ ‘ಮನೆಗೆ ನೀರು ಹೊಕ್ಕಿತ್ತು, ಗ್ವಾಡಿ ಬೂಷ್ಟು ಹಿಡಿದದ’ ಅಂತ ಬಾಯಿಬಿಟ್ಟು ಹೇಳ್ರಿ. ನೀವು ಹೇಳದೇ ಅವರಿಗೆ ಗೊತ್ತಾಗಲ್ಲ. ಗ್ವಾಡಿ ಫೋಟೊನೂ ತೋರಿಸ್ರಿ.

ನಮ್ಮ ಸೀಮೆಗೆ ಒಂದು ಅನುಕೂಲ ಅದ, ಕರಾವಳಿಯವರಿಗೆ ಇಲ್ಲದ್ದು. ಮಳೆ ನಿಂತ ಮ್ಯಾಲೆ ನಮ್ಮ ಬಿಸಿಲು ಖಡಕ್. ಹನ್ನೊಂದರಿಂದ ನಾಲ್ಕರ ತನಕ ಬಾಗಿಲು ಕಿಟಕಿ ತೆಗೆದು, ಅಲ್ಮಾರಿ ಗ್ವಾಡಿಯಿಂದ ನಾಲ್ಕು ಬೆರಳು ಮುಂದಕ್ಕೆ ಸರಿಸಿ ಬಿಡ್ರಿ. ಆ ಕೆಲಸಕ್ಕೆ ರೊಕ್ಕ ಬೇಕಿಲ್ಲ.

ಇದನ್ನ ಮನೆಯ ವಾಟ್ಸ್ಆ್ಯಪ್ ಗ್ರೂಪ್‌ಗೆ ಹಾಕ್ರಿ. ಹಾಕಿದ ಮ್ಯಾಲೆ ಫೋನ್ ಮಾಡಿ ಒಂದು ಮಾತು ಕೇಳ್ರಿ: ಈ ಸಲ ಗ್ವಾಡಿ ಒರೆಸೋರು ಯಾರು? ಉತ್ತರದಾಗ ದಮ್ಮು ಇದ್ದವರ ಹೆಸರು ಬಂದರೆ, ರವಿವಾರ ಬಸ್ ಹತ್ತಿ ಊರಿಗೆ ಬರ್ರಿ. ಎರಡು ಎನ್95 ಮಾಸ್ಕ್ ಚೀಲದಾಗ ಇರಲಿ.